ಗಂಟು

ನಮ್ಮ ಪ್ರಯೋಗಾಲಯದಲ್ಲಿ
ಬೆಳಕು ಬಂದರೆ ಕೆಟ್ಟ ಸುದ್ದಿ.

ಸಾಲಗಾಮೆ ರಸ್ತೆಯ ಕಾಲೇಜು, ಎರಡನೇ ಮಹಡಿ,
ಕಿಟಕಿಗೆ ಕರಿಬಟ್ಟೆ.
ತೊಂಬತ್ತಾರು ಗುಳಿಯ ತಟ್ಟೆ,
ಅಳಗುಳಿಮಣೆಯ ದೂರದ ನೆಂಟ.
ಒಂದೊಂದು ಗುಳಿಗೂ ಒಂದು ಹನಿ ಪ್ರೋಟೀನು,
ಒಂದು ಹನಿ ಬಣ್ಣ.
ಪ್ರೋಟೀನು ತನ್ನ ಪಾಡಿಗೆ ತಾನಿರುವ ತನಕ
ಬಣ್ಣ ತೆಪ್ಪಗಿರುತ್ತದೆ.
ಒಂದಕ್ಕೊಂದು ಅಂಟಿ, ಎಳೆಯಾಗಿ,
ಎಳೆಗೆ ಎಳೆ ಸೇರಿ ಜಡೆಗಟ್ಟಿತೋ
ಹಸಿರಾಗಿ ಹೊಳೆಯುತ್ತದೆ, ಮಿಣುಕುಹುಳದ ಹೊಟ್ಟೆಯಂತೆ.
ಮರೆವಿನವರ ತಲೆಯೊಳಗೂ ಇದೇ ನಡೆಯುವುದಂತೆ,
ಅಲ್ಲಿ ಹೊಳಪೊಂದಿಲ್ಲ.

ಪುಡಿ ಕುಟ್ಟುವುದು, ಸೋಸುವುದು,
ಗಂಟೆಗೊಮ್ಮೆ ಅಂಕಿ ಬರೆಯುವುದು ನನ್ನ ಕೆಲಸ.
ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಅರಿಶಿನದ ಕೊಂಬು,
ಹಸಿ ಕಾಫಿಬೀಜ, ರಾಗಿ ಹೊಟ್ಟು.
ಹೊಟ್ಟಿಗೂ ರಸೀದಿ ಕೇಳಿದರು ಆಫೀಸಿನವರು.
ಮಾರಿದವನು ನಕ್ಕು ಬೀಡಿಕಟ್ಟಿನ ಕಾಗದದ ಮೇಲೆ
ಬರೆದುಕೊಟ್ಟ: ಹೊಟ್ಟು, ಹತ್ತು ರೂಪಾಯಿ.

ಬಸ್ ನಿಲ್ದಾಣದ ಹಿಂದೆ
ಸೋದರತ್ತೆ ಕೆಂಪನಂಜಮ್ಮನ ಮೆಸ್ಸು.
ಸಂಜೆ ಗಲ್ಲದಲ್ಲಿ ನಾನೇ ಕೂರುತ್ತೇನೆ.
ಇದನ್ನೆಲ್ಲ ಒಮ್ಮೆ ಹೇಳಿದ್ದಕ್ಕೆ ಅತ್ತೆ,
"ಅಷ್ಟೇನಾ?" ಅಂದಳು.
"ಎಸರು ಕುದಿಯೋಕೆ ಮುಂಚೆ ಹಿಡಿ ಹಿಟ್ಟ
ತಣ್ಣೀರಲ್ಲಿ ಕದಡಿ ಬಿಡಬೇಕು ಕಣೆ.
ಆಮೇಲೆ ಎಷ್ಟು ಸುರಿದರೂ ಗಂಟು ಕಟ್ಟಲ್ಲ.
ಮೊದಲು ಹೋದದ್ದು ಕಾವಲಿರುತ್ತೆ."
ತಸ್ನೀಮ್ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದು
ಒರೆಸಬೇಡಿ ಅಂದರು.

ಅರಿಶಿನ ಹಾಕಿದ ಸಾಲು
ಒಂದು ರಾತ್ರಿಯಿಡೀ ಕತ್ತಲಾಗಿಯೇ ಉಳಿಯಿತು.
ಬೆಳಗ್ಗೆ ಎಲ್ಲರಿಗೂ ಬಾದಾಮಿ ಹಾಲು.
ಮೂರನೇ ದಿನ ಮೈಸೂರಿನಿಂದ
ಸೂಕ್ಷ್ಮದರ್ಶಕದ ಫೋಟೊ ಬಂತು:
ಎಳೆಗಳೆಲ್ಲ ಅಲ್ಲೇ ಇದ್ದವು, ಹೆಣೆದುಕೊಂಡು.
ಹಳದಿ ಬೆಳಕನ್ನು ನುಂಗಿತ್ತು.
ಗಂಟು ಬಿಚ್ಚಿರಲಿಲ್ಲ, ದೀಪ ಆರಿತ್ತು ಅಷ್ಟೆ.
"ಅರಿಶಿನದ ತಪ್ಪಲ್ಲ, ನಾವು ನೋಡಿದ ರೀತಿ," ಎಂದು
ಮೇಡಂ ಲೋಟ ತೊಳೆದಿಟ್ಟರು.

ಅವತ್ತು ರಾತ್ರಿ ಗಲ್ಲದಲ್ಲಿ ಕೂತು
ಅತ್ತೆಯನ್ನೇ ನೋಡಿದೆ.
ವರ್ಷವಾಯಿತು, ಅವಳು ಯಾರನ್ನೂ ಹೆಸರು ಹಿಡಿದು ಕರೆದಿಲ್ಲ.
ಡ್ರೈವರಿಗೂ ಮಗ, ಗ್ಯಾಸಿನವನಿಗೂ ಮಗ,
ನನಗೂ ಮಗ.
ಅಕ್ಕರೆ ಅಂದುಕೊಂಡಿದ್ದೆವು.

ಮತ್ತೊಂದು ದಿನ
ಅರಕಲಗೂಡು ಬಸ್ಸಿನ ಕಂಡಕ್ಟರ್ ಚೆಲುವಯ್ಯ
ಮುದ್ದೆ ಮುರಿದ.
ಒಳಗೆ ಬೇಯದ ಹಿಟ್ಟಿನ ಗಂಟು,
ಗೋಲಿಯಷ್ಟು, ಒಣಗಿ ಬೆಳ್ಳಗೆ.
ನೋಡಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿದ.
ಉಪ್ಸಾರಿನಲ್ಲಿ ಅದ್ದಿ ನುಂಗಿದ.
ಪಕ್ಕದವನೂ ನುಂಗಿದ. ಆ ಸಾಲಿಗೆ ಸಾಲೇ.
ಮುದ್ದೆ ಅಗಿಯುವವರಲ್ಲ ನಮ್ಮವರು.
ದುಡ್ಡು ಕೊಡುವಾಗ ಮಾತ್ರ ಚೆಲುವಯ್ಯ
ಚಿಲ್ಲರೆಯನ್ನು ಎರಡು ಸಲ ಎಣಿಸಿದ,
ಹೇಳುವುದೇನೋ ಇದ್ದವನ ಹಾಗೆ.

ಈಗ ರಾಗಿ ಹೊಟ್ಟಿನ ಸರದಿ.
ನಾಲ್ಕನೇ ಸಾಲು, ಮೈಬಿಸಿಯಷ್ಟು ಕಾವು.
ಅಂಕಿ ಏರುತ್ತಿದೆ, ನಿಧಾನಕ್ಕೆ,
ಬರಿ ಪ್ರೋಟೀನಿನ ಅರ್ಧದಷ್ಟು.
ಮೇಡಂ ಏನೂ ತರಿಸಲಿಲ್ಲ. ಫೋಟೊ ಬರಲಿ ಅಂದರು.
ಗುಳಿಯಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ,
ರಕ್ತದಿಂದ ತಲೆಯ ಬಾಗಿಲಿಗೆ,
ಹಾಸನದಿಂದ ಕಾಶಿಯಷ್ಟು ದೂರ,
ನೇರ ಬಸ್ಸಿಲ್ಲ.

ಸಂಜೆ ಅತ್ತೆ ಮುಖ ತೊಳೆಯಲು ಹೋದಾಗ
ಹಿಡಿ ಹಿಟ್ಟು ಕದಡಿ ನಾನೇ ಎಸರಿಗೆ ಬಿಡುತ್ತೇನೆ.
ಬಂದು ಕೋಲಾಡಿಸಿ ನೋಡುತ್ತಾಳೆ:
"ಇದಕ್ಕೆ ಹಿಟ್ಟು ಬಿಟ್ಟವರು ಯಾರು?"
"ನೀನೇ, ಅತ್ತೆ."

ನಾನೂ ಒಂದಿಷ್ಟು ಅರಿಶಿನ.
ತಟ್ಟೆ ಇನ್ನೂ ಹದಿನಾಲ್ಕು ಗಂಟೆ ಓಡಬೇಕು.