ಚೀಟಿಯ ಕೆಳಗಿನ ಚೀಟಿ

ನಿಜ್ವಾದ ಸೂಕಿನಲ್ಲಿ, ಕೋಟೆಯ ಗುಂಡು ಬುರುಜಿನ ನೆರಳು
ಮಧ್ಯಾಹ್ನ ತಿರುಗಿದ ಮೇಲೆ ಬಂದು ಮುಟ್ಟುವ ಅಂಗಡಿ
ನಬ್ಹಾನನದು. ಲೆಕ್ಕ ನನ್ನದು.
ಹದಿನಾಲ್ಕು ವರ್ಷದಿಂದ ತೋಟೆಯ ಪೆಟ್ಟಿಗೆಗಳಿಗೆ
ಬೆಲೆ ಬರೆದು ಅಂಟಿಸುವ ಕೈ ಇದು.

ಒಮ್ಮೆ ಫೋನಿನಲ್ಲಿ, ಕಿವಿ ಮಂದವಾದ ಅಣ್ಣಿ ಮಾಸ್ಟ್ರು
ಅಲ್ಲಿ ಏನು ಮಾಡುತ್ತೀ ಅಂತ ಕೇಳಿದರು.
ತೋಟೆ ಮಾರುತ್ತೇನೆ ಅಂದೆ.
"ತೋಟ ಮಾರಿದಿಯಾ? ಎಷ್ಟಕ್ಕೆ ಹೋಯಿತು?"
ನಮಗೆ ಎಲ್ಲಿಯ ತೋಟ ಮಾಸ್ಟ್ರೇ,
ಉಪ್ಪಿನಂಗಡಿಯ ಬಸ್‌ಸ್ಟ್ಯಾಂಡಿನ ಹಿಂದೆ ಮೂರು ಸೆಂಟ್ಸು,
ಅದರಲ್ಲೂ ಒಂದು ಬಾವಿಗೆ.

ಈ ಚಳಿಗಾಲ ಸರಕು ಬರಲಿಲ್ಲ.
ಹಡಗು ಎಲ್ಲೋ ನಿಂತಿದೆ ಅಂದರು, ಕಾಗದ ಎಲ್ಲೋ ನಿಂತಿದೆ ಅಂದರು,
ಯಾರದೋ ಯುದ್ಧ ನಮ್ಮ ಪಾಲಿನದನ್ನೂ ತಿನ್ನುತ್ತಿದೆ ಅಂದರು.
ಎಂಟು ರಿಯಾಲಿನದು ಹನ್ನೊಂದಾಯಿತು,
ಹನ್ನೊಂದರ ಮೇಲೆ ಹದಿನಾರು, ಅದರ ಮೇಲೆ ಇಪ್ಪತ್ತೆರಡು.
ಹಳೆಯದನ್ನು ಕೀಳಲು ಪುರುಸೊತ್ತಿಲ್ಲ.
ಚೀಟಿಯ ಮೇಲೆ ಚೀಟಿ ಕೂತು ಉಬ್ಬಿತು,
ಬಿಚ್ಚದೆ ಪಟ್ಟಿ ಕಟ್ಟುತ್ತಾ ಹೋದ ಹುಣ್ಣಿನ ಹಾಗೆ.

ಶುಕ್ರವಾರ, ಆಡಿನ ಸಂತೆ ಮುಗಿದ ಹೊತ್ತು,
ಸುವೈದ್ ಮುದುಕ ಬಂದ. ಹೆಗಲಲ್ಲಿ ಅವನಜ್ಜನ ಕೋವಿ,
ನಳಿಗೆಗೆ ಬೆಳ್ಳಿಯ ಪಟ್ಟಿ. ಮೊಮ್ಮಗನ ಮದುವೆ.
ರಝ್ಹಾ ಕುಣಿತಕ್ಕೆ ಮೂರು ಈಡು ಸಾಕು ಅಂದ.
ಒಂದು ಹುಡುಗನಿಗೆ, ಒಂದು ಹುಡುಗಿಗೆ,
ಒಂದು, ಇದನ್ನೆಲ್ಲ ನೋಡದೆ ಹೋದವಳಿಗೆ.
ಪೆಟ್ಟಿಗೆ ಒಡೆದು ಕೊಡುವುದಿಲ್ಲ, ಅಂದೆವು.

ಮುದುಕ ಹೆಬ್ಬೆರಳಿನ ಉಗುರು ಹಾಕಿ
ಇಪ್ಪತ್ತೆರಡನ್ನು ಸುಲಿದ.
ಹದಿನಾರನ್ನು ಸುಲಿದ. ಅವಸರವೇ ಇಲ್ಲ.
ಹನ್ನೊಂದು ಅರ್ಧಕ್ಕೆ ಹರಿಯಿತು, ಉಗುಳು ಹಚ್ಚಿ ಉಜ್ಜಿದ.
ಅಡಿಯಲ್ಲಿ ಅರಬ್ಬಿಯ ಎಂಟು, ಪುಟ್ಟ ಗುಡಾರದ ಹಾಗೆ,
ನನ್ನದೇ ಅಕ್ಷರ, ಶಾಯಿ ಮಾಸಿದೆ.
"ನಾನು ಕೊಳ್ಳುವುದು ಇದನ್ನು."

ಆಮೇಲೆ ಬಾಯಿಗಳು.
ನಬ್ಹಾನ್: ನಾಳೆಯ ಪೆಟ್ಟಿಗೆಗೆ ಇಂದೇ ನನ್ನಿಂದ ಇಪ್ಪತ್ತು ಕೇಳುತ್ತಾರೆ,
ಎಂಟಕ್ಕೆ ಕೊಟ್ಟು ಕಪಾಟಿನಲ್ಲಿ ಗಾಳಿ ಇಡಲೇ?
ಬೆಳ್ಳಿಯಂಗಡಿಯವ: ಏರಿಸುವವನೂ ಇಳಿಸುವವನೂ ಮೇಲಿದ್ದಾನೆ.
ಹಲ್ವದವ: ಮೇಲಿನವನ ಕೈಬರಹ ಹೀಗಿರುತ್ತದೆಯೇ?
ಅಂದವನು ನನ್ನ ಕಡೆ ನೋಡಿ ನಕ್ಕ.
ಹೈತಮ್, ಬೆಳಿಗ್ಗೆ ನಮ್ಮಲ್ಲೇ ನಾಲ್ಕು ಪೆಟ್ಟಿಗೆ ಕೊಂಡು
ಸಂಜೆ ಕೋಟೆಗೋಡೆಯ ಬದಿ ಕಾರಿನ ಡಿಕ್ಕಿಯಿಂದ
ಒಂದಕ್ಕೆ ಮೂರು ರಿಯಾಲಿನಂತೆ ಬಿಡಿ ಮಾರುವವನು:
ಫಜ್ರಿಗಿಂತ ಮೊದಲೇ ಬಂದು ನಿಂತಿದ್ದೆ,
ನನ್ನ ನಿದ್ದೆಗೆ ಬೆಲೆ ಇಲ್ಲವೇ?

ನನ್ನನ್ನು ಯಾರೂ ಕೇಳಲಿಲ್ಲ.
ಬಾಪ ತೀರಿಕೊಂಡ ವಾರ, ಶಾಲೆಗಳಿಗೆ ರಜೆ.
ಮಸ್ಕತ್ತಿನಿಂದ ಮಂಗಳೂರಿಗೆ
ರಾತ್ರಿ ನೋಡಿದಾಗ ತೊಂಬತ್ತು,
ಧಣಿ ಹೂಂ ಅನ್ನುವಾಗ ನೂರೆಪ್ಪತ್ತು.
ಫೋನಿನ ಗಾಜಿನ ಮೇಲೆ ನಾನೂ ಬೆರಳು ಉಜ್ಜಿದ್ದೆ.
ಗಾಜಿಗೆ ಉಗುರು ನಿಲ್ಲುವುದಿಲ್ಲ.
ಮೂರನೆಯ ದಿನ ಊರು ಮುಟ್ಟಿದೆ. ಮಣ್ಣು ಆಗಲೇ ಒಣಗಿತ್ತು.

ಸುವೈದ್ ಸುಲಿದ ಚೀಟಿಗಳನ್ನು ಸಣ್ಣ ಉಂಡೆ ಮಾಡಿ
ಗಾಜಿನ ಮೇಲಿಟ್ಟ. ಪೆಟ್ಟಿಗೆಯನ್ನು ಸಾಲಿಗೆ ನೇರ ಜೋಡಿಸಿದ.
ಸಲಾಂ ಹೇಳಿ ಹೊರಟ, ಕೋಟೆಗೋಡೆಯ ಕಡೆಗೆ.

ಗುರುವಾರ ರಾತ್ರಿ ವಾದಿಯ ಆಚೆ ಡೋಲು.
ರೂಮಿನ ಕಿಟಕಿ ತೆರೆದು ಲೆಕ್ಕ ಹಿಡಿದೆ, ಅಭ್ಯಾಸ.
ಒಂದು.
ತುಂಬ ಹೊತ್ತು ಬಿಟ್ಟು ಇನ್ನೊಂದು.
ಮೂರನೆಯದಕ್ಕೆ ಕಾದೆ.
ಡೋಲು ನಿಂತಿತು, ಕಾರುಗಳು ಹೊರಟವು,
ಆಮೇಲೆ ಫಲಜಿನ ನೀರು ಹರಿಯುವುದು ಕೇಳಿಸಿತು.

ಶನಿವಾರ ಆ ಪೆಟ್ಟಿಗೆಗೆ ಹೊಸ ಚೀಟಿ ಬರೆದೆ, ಇಪ್ಪತ್ತೆಂಟು.
ಅಂಟಿಸುವಾಗ
ಒಂದು ಮೂಲೆಯನ್ನು ಒತ್ತಲಿಲ್ಲ.