ಡ್ರಾಯಿಂಗಿನಲ್ಲಿರುವಂತೆ

ಸಾಲಗಾಮೆ ರಸ್ತೆಯ ಕನ್ನಡಕದಂಗಡಿಯ ಮೇಲೆ
ಜಿನದತ್ತ ಸರ್ ಆಫೀಸು.
ಎರಡು ವರ್ಷ ಅಲ್ಲಿ ಕೂತು ನಲವತ್ತೊಂದು ಕಟ್ಟಡ ನಿಲ್ಲಿಸಿದೆ,
ಒಂದರ ಹೊಸಿಲೂ ದಾಟಲಿಲ್ಲ.
ಸೈಟಿಗೆ ಹೋಗುವುದೆಂದರೆ ನಮ್ಮಲ್ಲಿ
ಹಾಸನಾಂಬೆಯ ಬಾಗಿಲು ತೆರೆದ ಹಾಗೆ:
ವರ್ಷಕ್ಕೊಮ್ಮೆ, ಅದೂ ನೂಕುನುಗ್ಗಲಲ್ಲಿ,
ಮುಖ ಕಂಡಿತೋ ಇಲ್ಲವೋ, ಮುಂದೆ ನಡಿ.

ಕಾಂತರಾಜಣ್ಣ ಕರೆದಾಗ
ಅವನ ಕೈಲಿದ್ದದ್ದು ಒಂದು ನೀರಿನ ಟ್ಯಾಂಕು,
ತಣ್ಣೀರುಹಳ್ಳದಲ್ಲಿ, ಆರು ಕಂಬದ್ದು.
ಸಂಬಳ ಮೂರು ಸಾವಿರ ಹೆಚ್ಚು, ಭಾನುವಾರ ಕಡಿಮೆ.

ಜಿನದತ್ತ ಸರ್ ಬೈಯಲಿಲ್ಲ.
ಪೆನ್ಸಿಲ್ ಚೂಪು ಮಾಡುತ್ತ ಅಂದರು:
"ಇಲ್ಲಿ ತಪ್ಪು ಮಾಡಿದರೆ ರಬ್ಬರು ಸಾಕಮ್ಮ,
ಅಲ್ಲಿ ಬ್ರೇಕರ್ ತರಿಸಬೇಕು."
ಮನೆಯಲ್ಲಿ, ಹೆಣ್ಣಿಗೆ ಡಿಸೈನೇ ಸರಿ, ನೆರಳು, ಫ್ಯಾನು.
ಗೆಳತಿ ಕೇಳಿದ್ದು ಒಂದೇ:
ಸೈಟಿನಲ್ಲಿ ಬಾತ್‌ರೂಮ್ ಇದೆಯೇನೇ?
ಇರಲಿಲ್ಲ.

ಒಂದು ವಾರ ನಾನೂ ಒಂದು ತೊಲೆ.
ಎರಡು ಕಡೆ ಆಧಾರ, ನಡುವೆ ಬಾಗು.
ಬಿರುಕು ಎಲ್ಲಿ ಬಿಡುತ್ತದೆಂದು ಲೆಕ್ಕ ಗೊತ್ತಿತ್ತು,
ಯಾವತ್ತು ಎಂದು ಗೊತ್ತಿರಲಿಲ್ಲ.

ಶನಿವಾರ ಸಿಟಿ ಬಸ್ಸು ವಿದ್ಯಾನಗರದ ತಿರುವಿನಲ್ಲಿ
ನಿಂತಾಗ ಕಂಡಿತು: ಆ ಬಾಲ್ಕನಿ ನನ್ನದು.
ಐದಡಿ ಹೊರಚಾಚು.
ಅದಕ್ಕೆಂದೇ ಮೂರು ರಾತ್ರಿ ನಿದ್ದೆಗೆಟ್ಟಿದ್ದೆ,
ಮೇಲಿನ ಸರಳನ್ನು ಯಾರಾದರೂ
ತುಳಿದು ಕೆಳಗಿಳಿಸಿಬಿಟ್ಟರೆ ಎಂದು.
ಈಗ ಅದರ ಮೇಲೆ ಒಬ್ಬ ಹೆಂಗಸು ಹುರುಳಿ ಒಣಹಾಕಿ
ಕಾಲಲ್ಲಿ ಹರವುತ್ತಿದ್ದಳು.
ಎಲ್ಲ ಭಾರವನ್ನೂ ಬರೆದಿದ್ದೆ: ಜನ, ಗಾರೆ, ಕಂಬಿ, ಗಾಳಿ.
ಹುರುಳಿ ಬರೆದಿರಲಿಲ್ಲ.
ಬಸ್ಸು ಹೊರಟಿತು.
ಸೋಮವಾರ ಕಾಂತರಾಜಣ್ಣನಿಗೆ ಹೂಂ ಅಂದೆ.

ಸೈಟು ಹುರುಳಿಯಷ್ಟು ಚಂದವಲ್ಲ.
ಬೆಳಗಿನ ಐದಕ್ಕೆ ಮಂಜಿನೊಳಗೆ ಲಾರಿ ಹುಡುಕುವುದು,
ಜಲ್ಲಿ ಅಳೆಯುವುದು, ಡ್ರೈವರ್ ಜೊತೆ ಜಗಳ,
ಬಟವಾಡೆಗೆ ಚಿಲ್ಲರೆ.
ಏಳೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚೋಣ ಎನ್ನುವ ಧಣಿಗೆ
ಹದಿನಾಲ್ಕು, ಹದಿನಾಲ್ಕು ಎಂದು ಮಗ್ಗಿ ಒಪ್ಪಿಸುವುದು.
ದ್ಯಾವಮ್ಮ ಮಂಡಿಯಿಂದ ತಂದ ಆಲೂಗಡ್ಡೆ ಚೀಲವನ್ನು
ಕಂಬಕ್ಕೆ ಸುತ್ತಿ ನೀರು ಹೊಯ್ಯುತ್ತಾಳೆ,
ಜ್ವರದ ಮಗುವಿಗೆ ಒದ್ದೆ ಬಟ್ಟೆ ಹಾಕಿದ ಹಾಗೆ.
ಅವಳ ಮನೆ ಪಕ್ಕದಲ್ಲೇ; ನನ್ನ ಬಾತ್‌ರೂಮ್ ಅದು.
ರಾತ್ರಿ ಹಳೆಯ ಪುಸ್ತಕ ತೆರೆದರೆ
ಸಮೀಕರಣದ ಎಡಭಾಗದಲ್ಲೇ ನಿದ್ದೆ.

ಕಳೆದ ಗುರುವಾರ ವರ್ತುಲ ತೊಲೆಯ ಡ್ರಾಯಿಂಗು ಬಂತು.
ಬುಡನ್ ಸಾಬ್ ಕಂಬದ ನೆತ್ತಿಯ ಮೇಲೆ ಕೂತು ಕೂಗಿದ:
"ಮೇಡಂ, ಇಪ್ಪತ್ತೈದರ ಸರಳು ಏಳು!
ನಡುವೆ ಕಿರುಬೆರಳು ಹೋಗಲ್ಲ, ವೈಬ್ರೇಟರ್ ಎಲ್ಲಿಂದ ಹೋಗುತ್ತೆ?
ಸಂದೀಲಿ ನುಸುಳೋಕೆ ಕಾಂಕ್ರೀಟೇನು ಇರುವೆಯಾ?
ಯಾವ ಮಹಾನುಭಾವ ಬರೆದದ್ದು ಇದನ್ನ?"

ಹಾಳೆಯ ಬಲಮೂಲೆ ನೋಡಿದೆ.
ರಚನೆ: ಎಚ್.ಕೆ.ಎಲ್.
ತಾರೀಖು, ಆಫೀಸಿನಲ್ಲಿ ನನ್ನ ಕೊನೆಯ ವಾರದ್ದು.

ಕಾಗದದ ಮೇಲೆ ಗೆರೆಗೆ ದಪ್ಪವಿಲ್ಲ,
ಏಳೇಕೆ, ಎಪ್ಪತ್ತು ಹಿಡಿಸುತ್ತದೆ.
ಲೆಕ್ಕ ಸರಿಯಿತ್ತು.
ಈಗಲೂ ಸರಿ. ಅದೇ ತೊಂದರೆ.

"ಯಾರೋ ಗೊತ್ತಿಲ್ಲ" ಅಂದೆ.
ಬುಡನ್ ಸಾಬ್ ನನ್ನನ್ನೇ ಒಂದು ಗಳಿಗೆ ನೋಡಿ
ಬೀಡಿ ಹಚ್ಚಿ,
"ಎರಡು ಸಾಲು ಮಾಡಿದರೆ ಕೂರುತ್ತೆ. ಅವರ ಕೈಲಿ ಬರೆಸಿ ತನ್ನಿ,
ಯಾರೋ ಇದ್ದಾರಲ್ಲ, ಅವರ ಕೈಲಿ" ಎಂದ.

ಸಿಮೆಂಟು ಚೀಲದ ಮೇಲೆ ಕೂತು ಪತ್ರ ಬರೆದೆ,
ನನ್ನದೇ ಹಳೆಯ ಕುರ್ಚಿಗೆ: ಮಾನ್ಯರೇ.
ಸಂಜೆಯೊಳಗೆ ಉತ್ತರ ಬಂತು.
ನನ್ನ ಜಾಗಕ್ಕೆ ಬಂದ ಹುಡುಗ, ಲೋಹಿತ್ ಅಂತೆ,
ನಾನು ಎಲ್ಲರಿಗೂ ಬರೆಯುತ್ತಿದ್ದುದನ್ನೇ
ಒಂದಕ್ಷರ ಬಿಡದೆ ಬರೆದಿದ್ದಾನೆ:
ಡ್ರಾಯಿಂಗಿನಲ್ಲಿರುವಂತೆ ಮಾಡಿ.

ನಾಳೆ ಏಳಕ್ಕೆ ಕನ್ನಡಕದಂಗಡಿಯ ಮುಂದೆ ನಿಂತಿರಲು ಹೇಳಿದ್ದೇನೆ,
ಸ್ಕೂಟರಿನಲ್ಲಿ ಕರೆತರುತ್ತೇನೆ.
ಹಳೇ ಪ್ಯಾಂಟು ಹಾಕಿಕೋ, ಏಣಿ ಹತ್ತಬೇಕು ಅಂದೆ.
ಬೇರೇನು ತರಬೇಕು ಮೇಡಂ ಅಂದ.
ಕಿರುಬೆರಳು.