ಬೆಳ್ಚಳಿ

ನವೆಂಬರ್ ಹದಿನೇಳು. ಸ್ವೆಟರ್ ಬೇಲಿಗೆ ನೇತುಹಾಕಿ
ಗುದ್ದಲಿ ಹಿಡಿದು ಸುಮ್ಮನೆ ನಿಂತಿದ್ದೇನೆ.
ಲಗ್ ಹೊಳೆಯ ಕಡೆಯಿಂದ ಬರುವ ಗಾಳಿಗೆ
ಒದ್ದೆ ನಾಯಿಯ ಮೈವಾಸನೆ.
ಮಳೆ ಅನ್ನುವಷ್ಟು ಮಳೆಯಲ್ಲ, ಬಿಸಿಲಿನ ಸುದ್ದಿಯಿಲ್ಲ,
ಒಗೆದ ಬಟ್ಟೆ ಮೂರು ದಿನವಾದರೂ ಹಸಿ,
ಕನ್ನಡಕ ಒರೆಸಿದಷ್ಟೂ ಮಸುಕು.

ಊರಿನ ಹೆಸರು ಲೆಮ್‌ಸ್ಟರ್.
ಬರೆಯುವಾಗ ಇನ್ನೂ ಕೆಲವು ಅಕ್ಷರ ಇವೆ,
ಬಾಯಿಗೆ ಬರುವಷ್ಟರಲ್ಲಿ ಯಾರೋ ನುಂಗಿರುತ್ತಾರೆ.
ಈ ಸಲದ ಕಾರ್ತಿಕವೂ ಹಾಗೇ:
ಕ್ಯಾಲೆಂಡರಿನಲ್ಲಿದೆ, ಉಚ್ಚಾರಕ್ಕೆ ಸಿಕ್ಕುತ್ತಿಲ್ಲ.

ಗ್ಲೆನಿಸ್ ಪ್ರಾಸರ್ ಹೇಳಿಕೊಟ್ಟ ನೇಮ ಒಂದೇ:
ಡೇಲಿಯಾ ಗೆಡ್ಡೆ ಕೀಳುವುದು ಫ್ರಾಸ್ಟ್ ಬಿದ್ದ ಮೇಲೆ.
ಒಂದೇ ರಾತ್ರಿಗೆ ಎಲೆಯೆಲ್ಲ ಕರ್ರಗಾಗಿ
ಬೇಯಿಸಿದ ಸೊಪ್ಪಿನ ಹಾಗೆ ಜೋಲಬೇಕು.
ಆಗ ಗಿಡ ತಾನೇ ಒಪ್ಪಿತು ಅಂತ.
ಅಲ್ಲಿಯವರೆಗೆ ಕೈ ಹಚ್ಚಬೇಡ.

ಫ್ರಾಸ್ಟಿಗೆ ನಿಮ್ಮಲ್ಲಿ ಏನಂತಾರೆ, ಕೇಳಿದ್ದಳು.
ಇಬ್ಬನಿ ಅನ್ನೋಣವೆಂದರೆ ತೀರ ಮೆದು.
ಮಂಜು ಅಂದರೆ ಬರೀ ಮಬ್ಬು.
ಹಿಮ ಅಂದರೆ ಪುರಾಣದ ಬೆಟ್ಟವೇ ಎದ್ದು ನಿಲ್ಲುತ್ತದೆ.
ಬೆಳ್ದಿಂಗಳಿನ ಬೆಳ್ಳು ಕಿತ್ತು ಚಳಿಗೆ ಹಚ್ಚಿ
ಬೆಳ್ಚಳಿ, ಅಂದೆ.
ಎರಡು ಳಕಾರದಲ್ಲೂ ಎಡವಿ ನಕ್ಕಳು.

ಅದು ಇನ್ನೂ ಬಂದಿಲ್ಲ.

ಪಕ್ಕದ ಪಾತಿಯ ಪ್ರೀಸ್, ಸ್ಟ್ರಾಬೆರಿ ಹೂ ಬಿಟ್ಟದ್ದನ್ನು
ಮೊಮ್ಮಗುವಿನ ಮೊದಲ ಹಲ್ಲಿನ ಹಾಗೆ ಫೋನಿನಲ್ಲಿ ತೋರಿಸುತ್ತಾನೆ.
ಗುಲಾಬಿ ಮೊಗ್ಗು ಬಿಚ್ಚಲೂ ಇಲ್ಲ, ಉದುರಲೂ ಇಲ್ಲ,
ಒದ್ದೆ ಕಾಗದದ ಉಂಡೆಯಾಗಿ ಕಂದಿದೆ.
ಎಲೆಕೋಸಿನ ಮೇಲೆ ಚಿಪ್ಪಿಲ್ಲದ ಬಸವನಹುಳುಗಳಿಗೆ
ಎರಡನೇ ಪಂಕ್ತಿ ಹಾಕಿದೆ.
ಒಂದು ದುಂಬಿ. ದಾರಿ ತಪ್ಪಿದ್ದಲ್ಲ,
ತಾರೀಖು ತಪ್ಪಿದ್ದು.
ಗೇಟಿನ ಹತ್ತಿರ ಸಿಕ್ಕವರೆಲ್ಲ, ಎಂಥ ಹಿತವಾದ ಹವೆ, ಅನ್ನುತ್ತಾರೆ;
ಮತ್ತೆ ದನಿ ತಗ್ಗಿಸಿ, ಇದು ಸರಿಯಿಲ್ಲ ಬಿಡಿ,
ಸಾಲ ಕೊಟ್ಟವನ ಬಗ್ಗೆ ಮಾತಾಡುವ ಹಾಗೆ.

ನಮ್ಮ ಪಂಚಾಂಗದಲ್ಲಾದರೆ ಈಗ ವಿಶಾಖ.
ಮಳೆಗೊಂದು ಹೆಸರಿದ್ದರೆ ಬೈಯಲಾದರೂ ಬರುತ್ತದೆ.
ಇದನ್ನು ಏನೆಂದು ಕರೆದು ಬೈಯಲಿ?

ಹನ್ನೊಂದಕ್ಕೆ ಗ್ಲೆನಿಸ್ ಬಂದಳು, ಕೋಲೂರಿ,
ಕೆಸರಿಗೆ ಕೋಲು ಪ್ರತಿಸಲ ಮುತ್ತಿಟ್ಟ ಸದ್ದು.
ಡೇಲಿಯಾ ನೋಡಿದಳು. ಹೂವು ಒಂದೊಂದೂ ಈಗ
ಕೋಟಿನ ಗುಂಡಿಯಷ್ಟು, ಎಸಳ ತುದಿಗೆ ಬೂಷ್ಟು,
ಆದರೂ ಬಿಡುತ್ತಲೇ ಇವೆ, ಯಾರೂ ಸಾಕು ಅನ್ನದೆ.
'ಈ ವರ್ಷ ಅದರ ಕೆಲಸ ನಾವೇ ಮಾಡಬೇಕು,'
ಅಂದು ಕತ್ತರಿ ತೆಗೆದಳು. ಅದುಮಲಾಗಲಿಲ್ಲ.

ಅವಳ ಆ ಕೈಯ ಎಕ್ಸ್‌ರೇ ತೆಗೆದವಳು ನಾನೇ,
ಹೆರಿಫರ್ಡಿನ ಆಸ್ಪತ್ರೆಯಲ್ಲಿ, ಸೆಪ್ಟೆಂಬರಿನಲ್ಲಿ.
ಹೆಬ್ಬೆರಳ ಬುಡದಲ್ಲಿ ಎಲುಬಿಗೆ ಎಲುಬು ಉಜ್ಜಿದ ಬಿಳುಪು.
ಅಲುಗಾಡಬೇಡಿ ಅಂದಿದ್ದೆ, ಅಪರಿಚಿತಳಿಗೆ ಅನ್ನುವ ಹಾಗೆ.

ಕತ್ತರಿ ಇಸಿದುಕೊಂಡೆ.
ಮೊದಲ ಕಾಂಡ ಕಡಿದಾಗ ಟೊಳ್ಳಿನೊಳಗಿದ್ದ ನೀರು
ಮಣಿಕಟ್ಟಿನಿಂದ ತೋಳೊಳಗೆ ಇಳಿಯಿತು.
ಬೆಚ್ಚಗಿತ್ತು.
ಒಂದು ಕ್ಷಣ ಯಾರ ಮುಖವನ್ನೂ ನೋಡಲಾಗಲಿಲ್ಲ.

ಆಮೇಲೆ ಅಗೆದದ್ದೇ. ಅರ್ಧ ಗೆಡ್ಡೆ ಕೊಳೆತು
ಹೆಂಡದ ನಾತ. ಉಳಿದವು ಗಂಟು ಗಂಟು ಬೆರಳು,
ಅವಳ ಕೈಯಂಥವೇ; ಅವಳೂ ನೋಡಿದಳು,
ಬಾಯಿ ಬಿಡಲಿಲ್ಲ. ಮಣ್ಣು ಉದುರಿಸಿ
ಹಳೇ ಪತ್ರಿಕೆಯಲ್ಲಿ ಮಕ್ಕಳನ್ನು ಹೊದಿಸುವಂತೆ ಸುತ್ತಿದಳು.

ಕೊನೆಯ ಗಿಡ, ಅರಿಸಿನ ಬಣ್ಣದ್ದು, ತುಂಬ ಹೂವಿನದು.
ಗುದ್ದಲಿ ಎತ್ತಿದೆ. 'ಅದಿರಲಿ.'
ಯಾಕೆ?
'ಬಂದೇ ಬಿಟ್ಟರೆ?
ಬರಿಗೈಯಲ್ಲಿ ಕಳಿಸುವುದು ಸರಿಯಲ್ಲ.'

ಗಂಟು ಹೊತ್ತು ಅವಳನ್ನು ಗೇಟಿನವರೆಗೆ ಬಿಟ್ಟೆ.
ವಾಪಸು ಬಂದು ಬೇಲಿಯಿಂದ ಸ್ವೆಟರ್ ತೆಗೆದರೆ
ಒಂದು ಹನಿ ಮಳೆಯೂ ಬಿದ್ದಿರಲಿಲ್ಲ,
ನೇತುಹಾಕಿದಾಗಿಗಿಂತ ಭಾರವಾಗಿತ್ತು.